ಉದ್ದ ಮೂತಿಗೆ 25 ಪೌಂಡ್

ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ದೊರೆಗೆ ಹಕ್ಕಿ ಬೇಟೆಯ ವಂಶದ ಪುಟ್ಟ ಸ್ಪ್ಯಾನಿಯಲ್ ನಾಯಿಗಳೆಂದರೆ ಪ್ರಾಣ. ಸಭೆ ನಡೆಯುತ್ತಿದ್ದರೂ ದೊರೆ ನಾಯಿಯ ಜೊತೆ ಆಡುತ್ತ ಕೂತಿದ್ದನೆಂದು ನೌಕಾಪಡೆಯ ಆಡಳಿತಾಧಿಕಾರಿ ಸ್ಯಾಮ್ಯುಯೆಲ್ ಪೀಪ್ಸ್ 1667ರಲ್ಲೇ ತನ್ನ ದಿನಚರಿಯಲ್ಲಿ ಬೇಸರದಿಂದ ಬರೆದಿಟ್ಟಿದ್ದಾನೆ. ಆ ಕಾಲದ ವರ್ಣಚಿತ್ರಗಳಲ್ಲಿ ಈ ನಾಯಿಗಳಿಗೆ ನೀಳ ಮೂತಿ, ಚಪ್ಪಟೆ ನೆತ್ತಿ. ಹತ್ತೊಂಬತ್ತನೇ ಶತಮಾನದಲ್ಲಿ ಮೊಂಡು ಮೂತಿಯ ಷೋಕಿ ಬಂತು. ಗುಂಡುತಲೆಯ ಮರಿಗಳನ್ನೇ ಆರಿಸಿ ಬೆಳೆಸಿದರು, ಹಳೆಯ ಮುಖ ಕಾಣೆಯಾಯಿತು.

ಅದನ್ನು ಹುಡುಕಿಕೊಂಡು ಬಂದವನು ರಾಸ್ವೆಲ್ ಎಲ್ಡ್ರಿಜ್ ಎಂಬ ಅಮೆರಿಕನ್. ಚಿತ್ರದಲ್ಲಿರುವಂಥ ನಾಯಿ ತಂದವರಿಗೆ 25 ಪೌಂಡ್ ಬಹುಮಾನವೆಂದು 1926ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ ಸಾರಿದ. 1928ರಲ್ಲಿ ಆನ್ಸ್ ಸನ್ ಎಂಬ ಗಂಡುನಾಯಿಯನ್ನು ಮಾದರಿಯಾಗಿಟ್ಟುಕೊಂಡು ಹೊಸ ತಳಿಯ ಲಕ್ಷಣಗಳನ್ನು ಬರೆದರು. ಅಷ್ಟರಲ್ಲಿ ಎಲ್ಡ್ರಿಜ್ ತೀರಿಕೊಂಡಿದ್ದ. ತಳಿಗೆ ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ಎಂಬ ಹೆಸರಾಯಿತು, 1945ರಲ್ಲಿ ನಾಯಿತಳಿಗಳನ್ನು ನೋಂದಾಯಿಸುವ ಬ್ರಿಟನ್ನಿನ ಕೆನಲ್ ಕ್ಲಬ್ಬಿನ ಮಾನ್ಯತೆಯೂ ಸಿಕ್ಕಿತು.

ಐದರಿಂದ ಎಂಟು ಕಿಲೋ ತೂಗುವ ಈ ಜೀವಕ್ಕೆ ಮನುಷ್ಯರ ಸಂಗವೇ ಬೇಕು. ನೀವು ಕೋಣೆ ಬದಲಿಸಿದರೆ ಹಿಂದೆಯೇ ಬರುತ್ತದೆ, ಕೂತರೆ ತೊಡೆ ಹತ್ತುತ್ತದೆ. ಅಪರಿಚಿತರನ್ನು ಕಂಡರೂ ಬಾಲವಾಡಿಸುವ ಇದು ಕಾವಲಿಗೆ ಒದಗುವುದಿಲ್ಲ. ಹಕ್ಕಿಯೊಂದು ಪುರ್ರೆಂದರೆ ಮಾತ್ರ ಬೇಟೆನಾಯಿಯ ರಕ್ತ ಜಾಗೃತವಾಗುತ್ತದೆ. ಆಗ ರಸ್ತೆ, ವಾಹನ ಯಾವುದೂ ಅದಕ್ಕೆ ಕಾಣುವುದಿಲ್ಲ. ಒಂಟಿಯಾಗಿ ಬಿಟ್ಟರೆ ಕೊರಗುತ್ತದೆ.

ಆದರೆ ಕೆಲವೇ ನಾಯಿಗಳಿಂದ ಇಡೀ ತಳಿಯನ್ನು ಕಟ್ಟಿದ್ದರ ಬೆಲೆ ಅದರ ಎದೆಯೊಳಗಿದೆ. ಹೃದಯದ ಎಡಭಾಗದ ಎರಡು ಕೋಣೆಗಳ ನಡುವೆ ಮೈಟ್ರಲ್ ಕವಾಟವಿದೆ. ಅದರ ಅಂಚು ದಪ್ಪಗಾಗಿ ಪೂರ್ತಿ ಮುಚ್ಚದಾದಾಗ ಪ್ರತಿ ಬಡಿತಕ್ಕೂ ಒಂದಿಷ್ಟು ರಕ್ತ ಹಿಂದಕ್ಕೆ ಸೋರುತ್ತದೆ. ಸ್ಟೆತಸ್ಕೋಪ್ ಇಟ್ಟರೆ ಲಬ್-ಡಬ್ ನಡುವೆ ಸುಯ್ ಎಂಬ ಸದ್ದು. ಮುಪ್ಪಿನಲ್ಲಿ ಎಷ್ಟೋ ಸಣ್ಣ ನಾಯಿಗಳಿಗೆ ಬರುವ ಈ ರೋಗ ಕ್ಯಾವಲಿಯರ್‌ಗಳಿಗೆ ಬಲು ಬೇಗ ಬರುತ್ತದೆ. ಹತ್ತು ವರ್ಷ ತುಂಬುವಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲವುಗಳಲ್ಲೂ ಆ ಸದ್ದಿರುತ್ತದೆ.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಕಾಯಿಲೆ. ಮಿದುಳಿಗೆ ಸಾಲದಷ್ಟು ಕಿರಿದಾದ ತಲೆಬುರುಡೆಯಿಂದಾಗಿ ಮಿದುಳು, ಬೆನ್ನುಹುರಿಗಳ ಸುತ್ತ ಹರಿಯುವ ದ್ರವದ ಹರಿವು ಕೆಟ್ಟು, ಬೆನ್ನುಹುರಿಯೊಳಗೆ ನೀರು ತುಂಬಿದ ಪೊಳ್ಳುಗಳಾಗುತ್ತವೆ. ನಡೆಯುತ್ತಲೇ ನಾಯಿ ಹಿಂಗಾಲೆತ್ತಿ ಕುತ್ತಿಗೆಯ ಹತ್ತಿರ ಬರಿಯ ಗಾಳಿಯನ್ನು ಕೆರೆಯುತ್ತದೆ. ಉಗುರು ಚರ್ಮಕ್ಕೆ ತಾಕುವುದೇ ಇಲ್ಲ. ಕೆರೆತದ ಮೂಲವಿರುವುದು ನರದಲ್ಲಿ. ನೋಡುವವರು ಅದನ್ನು ಆಟವೆಂದುಕೊಂಡು ನಗುತ್ತಾರೆ.

ಈ ತಳಿಯನ್ನು ಹೀಗೇ ಮುಂದುವರಿಸುವುದು ಪ್ರಾಣಿಕಲ್ಯಾಣ ಕಾನೂನಿಗೆ ವಿರುದ್ಧವೆಂದು ನಾರ್ವೆಯ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ತೀರ್ಪಿತ್ತಿತು. ಬೇರೆ ತಳಿಯೊಂದಿಗೆ ವೈಜ್ಞಾನಿಕವಾಗಿ ಬೆರಕೆ ಮಾಡುವ ದಾರಿ ಮಾತ್ರ ತೆರೆದಿದೆ. ಆ ದಾರಿಯೇ ಸರಿಯೆಂದು ನನಗನ್ನಿಸುತ್ತದೆ. ಹುಟ್ಟುವ ಮರಿಗಳ ಮುಖ ಎಲ್ಡ್ರಿಜ್ ಬಯಸಿದ ಚಿತ್ರದಂತೆ ಇರಲಾರದು. ತಲೆಬುರುಡೆಯಲ್ಲಿ ಮಿದುಳಿಗೆ ಜಾಗವಿದ್ದರೆ ಸಾಕು.