ಹೋಗಿ ಬರ್ತೀನಿ ಅಂದವರು ಬರಲೇ ಇಲ್ಲ

ನನ್ನ ಗೆಳತಿಯ ಮಗನಿಗೆ ಏಳು ವರ್ಷ. ಆಟಿಸಂ ಇದೆ, ಅಂದರೆ ಮಾತು, ಒಡನಾಟ, ಸುತ್ತಲಿನ ಜಗತ್ತನ್ನು ಮೆದುಳು ಗ್ರಹಿಸುವ ರೀತಿ ಚಿಕ್ಕಂದಿನಿಂದಲೇ ಬೇರೆ. ಒಂದು ಸಂಜೆ ಅವರ ಮನೆಗೆ ಬಂದಿದ್ದ ಗೆಳತಿಯ ದೊಡ್ಡಮ್ಮ ಕುಂಕುಮ ತೆಗೆದುಕೊಂಡು, "ಹೋಗಿ ಬರ್ತೀನಿ ಪುಟ್ಟಾ" ಅಂತ ಹೇಳಿ ಹೊರಟರು. ಹುಡುಗ ಗೇಟಿನ ಹತ್ತಿರ ಹೋಗಿ ನಿಂತ. ಕತ್ತಲಾಯಿತು. ಕರೆದರೂ ಒಳಗೆ ಬರಲಿಲ್ಲ. ಎತ್ತಿಕೊಂಡು ಬಂದರೆ ಕಿವಿ ಮುಚ್ಚಿಕೊಂಡು ಕಿರುಚಿದ. "ಎಂಥಾ ಹಟ ಇವನದು" ಅಂದರು ಪಕ್ಕದ ಮನೆಯವರು. ಹಟವೇನೂ ಅಲ್ಲ. ಬರ್ತೀನಿ ಅಂದವರು ಬಂದಿರಲಿಲ್ಲ, ಅಷ್ಟೇ.

ನಮ್ಮ ದಿನನಿತ್ಯದ ಕನ್ನಡದಲ್ಲಿ ಇಂಥ ಮಾತು ಎಷ್ಟಿವೆ ನೋಡಿ. ಕುರ್ಚಿಯಿಂದ ಇನ್ನೂ ಎದ್ದೇ ಇರುವುದಿಲ್ಲ, "ಬಂದೆ ಬಂದೆ" ಅನ್ನುತ್ತೇವೆ. "ಊಟ ಆಯ್ತಾ?" ಅಂತ ಕೇಳುವವರಿಗೆ ನಾವು ಏನು ಉಂಡೆವು ಅನ್ನುವುದು ಬೇಕಾಗಿಲ್ಲ. ಪಂಕ್ತಿಯಲ್ಲಿ ಕೂತು "ಸಾಕು ಸಾಕು" ಅಂದರೆ ಇನ್ನೊಂದು ಸಲ ಬಲವಂತ ಮಾಡಿ ಅಂತಲೂ ಅರ್ಥವಿರಬಹುದು. ಇದನ್ನೆಲ್ಲ ನಮಗೆ ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಆದರೆ ಆಟಿಸಂ ಇರುವ ಹಲವರಿಗೆ ಪದ ಏನು ಹೇಳುತ್ತದೋ ಅದೇ ಮೊದಲು ಮನಸ್ಸಿಗೆ ಬರುತ್ತದೆ.

1943ರಲ್ಲಿ ಅಮೆರಿಕದ ಬಾಲ್ಟಿಮೋರಿನ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಬಗ್ಗೆ ಒಂದು ಲೇಖನ ಬರೆದರು. ಆಟಿಸಂ ಬಗ್ಗೆ ಬಂದ ಮುಖ್ಯ ಬರಹಗಳಲ್ಲಿ ಅದೂ ಒಂದು. ಅದರಲ್ಲಿ ಮೊದಲು ಬರುವ ಹುಡುಗ ಡೊನಾಲ್ಡ್. ತನ್ನ ಕಾಲಿನ ಶೂವನ್ನು ಅಮ್ಮ ಬಿಚ್ಚಲಿ ಅಂತ ಅನ್ನಿಸಿದಾಗ ಅವನು "ನಿನ್ನ ಶೂ ಬಿಚ್ಚು" ಅನ್ನುತ್ತಿದ್ದ. ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. 'ಹೂಂ' ಅಂದರೆ ಹೆಗಲ ಮೇಲೆ ಕೂರಿಸಿಕೊಳ್ಳುತ್ತೇನೆ ಅಂತ ಅವನ ಅಪ್ಪ ಹೇಳಿದ್ದರು. ಅಲ್ಲಿಂದ ಮುಂದೆ ಅವನಿಗೆ 'ಹೂಂ' ಅಂದರೆ ಹೆಗಲ ಮೇಲೆ ಕೂರಿಸು ಅಂತಲೇ ಅರ್ಥವಾಯಿತು.

ಡೊನಾಲ್ಡನ ಶೂ ಮಾತಿನಂಥದ್ದು ನಮ್ಮ ಮನೆಗಳಲ್ಲೂ ಕೇಳಿಸುತ್ತದೆ. ಹಾಲು ಬೇಕಾದ ಮಗು ಅಮ್ಮನ ಹತ್ತಿರ ಬಂದು "ಹಾಲು ಕುಡೀತೀಯಾ?" ಅನ್ನುತ್ತದೆ. ಕನ್ನಡದಲ್ಲಿ 'ನೀನು' ಅನ್ನುವುದು ಕ್ರಿಯಾಪದದ ಬಾಲದಲ್ಲೇ ಅಂಟಿಕೊಂಡಿರುತ್ತದೆ. ಹಾಗಾಗಿ ಕೇಳಿದವರಿಗೆ ತಿರುಗಾಮುರುಗಾ ಅನ್ನಿಸುತ್ತದೆ. ಆದರೆ ಮಗುವಿನ ಕಡೆಯಿಂದ ಯೋಚಿಸಿ. ಪ್ರತಿ ಸಲವೂ ಈ ಮಾತು ಕೇಳಿಸಿದ ಮೇಲೇ ಲೋಟ ಬಂದಿದೆ. ಹಾಲು ತರಿಸುವ ಮಾತು ಇದೇ ಅಂದುಕೊಂಡರೆ ತಪ್ಪೇನು? ಹೀಗೆ ಕೇಳಿದ್ದನ್ನೇ ಮರಳಿ ಹೇಳುವುದನ್ನು ಎಕೋಲೇಲಿಯಾ ಅನ್ನುತ್ತಾರೆ. ಬಹಳ ಕಾಲ ಇದನ್ನು ಅರ್ಥವಿಲ್ಲದ ಗಿಳಿಪಾಠ ಅಂತ ಬಿಡಿಸಲು ನೋಡುತ್ತಿದ್ದರು. 1981ರಲ್ಲಿ ಮಾತಿನ ತೊಂದರೆಗಳ ತಜ್ಞರಾದ ಬ್ಯಾರಿ ಪ್ರಿಜಾಂಟ್ ಮತ್ತು ಜುಡಿತ್ ಡೂಕನ್ ಮಕ್ಕಳ ಮಾತನ್ನು ಸಂದರ್ಭದ ಜೊತೆ ಇಟ್ಟು ನೋಡಿದರು. ಬೇಕಾದ್ದನ್ನು ಕೇಳುವುದು, ಒಪ್ಪುವುದು, ಮಾತುಕತೆಯಲ್ಲಿ ತನ್ನ ಸರದಿ ತೆಗೆದುಕೊಳ್ಳುವುದು, ಹೀಗೆ ಆ ಮರುಮಾತು ಹಲವು ಕೆಲಸ ಮಾಡುತ್ತಿತ್ತು.

ಹಾಗಾದರೆ ಅರ್ಥವಾಗದೇ ಇರುವುದು ಯಾರಿಗೆ? 1985ರಲ್ಲಿ ಲಂಡನ್ನಿನಲ್ಲಿ ಒಂದು ಹೆಸರಾಂತ ಪ್ರಯೋಗ ನಡೆಯಿತು. ಒಂದು ಗೊಂಬೆ ಗೋಲಿಯನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತದೆ. ಇನ್ನೊಂದು ಗೊಂಬೆ ಅದನ್ನು ಡಬ್ಬಕ್ಕೆ ಹಾಕುತ್ತದೆ. ಮೊದಲನೆಯದು ವಾಪಸ್ ಬಂದು ಎಲ್ಲಿ ಹುಡುಕುತ್ತದೆ? ಜಾಗ ಬದಲಾದದ್ದು ಅದಕ್ಕೆ ಗೊತ್ತಿಲ್ಲ, ಹಾಗಾಗಿ ಬುಟ್ಟಿಯಲ್ಲಿ ಅನ್ನುವುದು ಸರಿ ಉತ್ತರ. ಆಟಿಸಂ ಇದ್ದ 20 ಮಕ್ಕಳಲ್ಲಿ 16 ಮಕ್ಕಳು ತಪ್ಪು ಹೇಳಿದರು. ಇವರಿಗೆ ಇನ್ನೊಬ್ಬರ ಮನಸ್ಸು ತಿಳಿಯುವುದಿಲ್ಲ ಅನ್ನುವ ಮಾತು ಅಲ್ಲಿಂದ ಗಟ್ಟಿಯಾಯಿತು. ಸರಿ ಹೇಳಿದ ನಾಲ್ವರನ್ನು ಜನ ಬೇಗ ಮರೆತರು.

2012ರಲ್ಲಿ ಡೇಮಿಯನ್ ಮಿಲ್ಟನ್ ಈ ಮಾತನ್ನು ತಿರುಗಿಸಿ ಹಾಕಿದರು. ಅವರು ಸಮಾಜವಿಜ್ಞಾನಿ, ಸ್ವತಃ ಆಟಿಸಂ ಇರುವವರು. ನಮಗೆ ನೀವು ಅರ್ಥವಾಗದಿದ್ದರೆ ನಿಮಗೂ ನಾವು ಅರ್ಥವಾಗುತ್ತಿಲ್ಲ, ತೊಡಕು ಎರಡೂ ಕಡೆ ಇದೆ ಅನ್ನುವುದು ಅವರ ವಾದ. 2020ರಲ್ಲಿ ಕ್ಯಾಥರೀನ್ ಕ್ರಾಂಪ್ಟನ್ ತಂಡ ಇದನ್ನು ಕಿವಿಮಾತಿನ ಆಟದ ಥರ ಪರೀಕ್ಷಿಸಿತು. ಎಂಟೆಂಟು ಜನರ ಸಾಲು, ಒಬ್ಬರಿಂದ ಒಬ್ಬರಿಗೆ ಒಂದು ಕಥೆ. ಎಲ್ಲರಿಗೂ ಆಟಿಸಂ ಇದ್ದ ಸಾಲಿನಲ್ಲೂ, ಯಾರಿಗೂ ಇಲ್ಲದ ಸಾಲಿನಲ್ಲೂ ಕಥೆ ಒಂದೇ ಥರ ಸಾಗಿತು. ಬೆರಕೆ ಸಾಲಿನಲ್ಲಿ ಜಾಸ್ತಿ ಸೋರಿಹೋಯಿತು. ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ಅದೇ ಸಂಶೋಧಕರು ಮುನ್ನೂರಕ್ಕೂ ಹೆಚ್ಚು ಜನರ ಜೊತೆ ಮತ್ತೆ ಮಾಡಿ 2025ರಲ್ಲಿ ಪ್ರಕಟಿಸಿದಾಗ, ಮೂರೂ ಬಗೆಯ ಸಾಲುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಆಟಿಸಂ ಇರುವವರ ಸಾಲು ಎರಡು ಸಲವೂ ಹಿಂದೆ ಬೀಳಲಿಲ್ಲ.

ಇಲ್ಲೊಂದು ತಮಾಷೆ. ಮಗು ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ, ಆಟಿಸಂ ಇರಬಹುದು ಅಂತ ಈಗ ನಾವು ಗಾಬರಿಯಾಗುತ್ತೇವೆ. ನಾನು ಚಿಕ್ಕವನಿದ್ದಾಗ ಬೈಯುತ್ತಿರುವ ದೊಡ್ಡವರ ಮುಖವನ್ನೇ ದಿಟ್ಟಿಸಿದರೆ "ಏನೋ ಗುರಾಯಿಸ್ತೀಯಾ" ಅಂತ ಇನ್ನೆರಡು ಬೀಳುತ್ತಿತ್ತು.

ಮೆದುಳುಗಳು ನಾನಾ ಬಗೆಯವು, ಎಲ್ಲ ವ್ಯತ್ಯಾಸವೂ ರಿಪೇರಿ ಮಾಡಬೇಕಾದ ದೋಷವಲ್ಲ ಅನ್ನುವುದೇ ನ್ಯೂರೋಡೈವರ್ಸಿಟಿ. 1990ರ ದಶಕದಲ್ಲಿ ಆಟಿಸಂ ಇರುವವರೇ ಅಂತರ್ಜಾಲದಲ್ಲಿ ಮಾತಾಡಿಕೊಳ್ಳುತ್ತಾ ಈ ವಿಚಾರವನ್ನು ಬೆಳೆಸಿದರು. ಹಾಗಂತ ಆಟಿಸಂ ಅಂದರೆ ಸುಮ್ನೆ ಬೇರೆ ಥರದ ಜಾಣತನ ಅಂತ ಸಿಹಿ ಮಾಡುವುದು ನನಗೆ ಒಪ್ಪಿಗೆಯಿಲ್ಲ. ಜೀವನಪೂರ್ತಿ ಮಾತು ಬಾರದವರಿದ್ದಾರೆ, ಸ್ನಾನಕ್ಕೂ ಊಟಕ್ಕೂ ಇನ್ನೊಬ್ಬರ ಕೈ ಬೇಕಾದವರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಆಟಿಸಂ ಇದೆ, ಇರಬೇಕು ಕೂಡ. "ಗಂಡು ಮಕ್ಕಳಿಗೆ ಮಾತು ತಡ" ಅಂತ ಸಮಾಧಾನ ಹೇಳುತ್ತಾ ಕಾಯುವ ಬದಲು, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಬೇಗ ತೋರಿಸಿದರೆ ಮಗುವಿಗೆ ಬೇಕಾದ ನೆರವು ಬೇಗ ಶುರುವಾಗುತ್ತದೆ.

ಬೆಂಗಳೂರಿನ ಅಪ್ಪ ಅಮ್ಮಂದಿರಿಗೆ ಇನ್ನೊಂದು ಸಲಹೆ ಆಗಾಗ ಸಿಗುತ್ತದೆ. ಮಗುವಿಗೆ ಗೊಂದಲ ಬೇಡ, ಮನೆಯಲ್ಲಿ ಇಂಗ್ಲಿಷ್ ಒಂದೇ ಇರಲಿ ಅಂತ. ಗೆಳತಿಗೂ ಹೇಳಿದ್ದರು. ಆದರೆ ಎರಡು ಭಾಷೆ ಕೇಳಿ ಬೆಳೆದ ಆಟಿಸಂ ಮಕ್ಕಳನ್ನು ಒಂದೇ ಭಾಷೆಯವರ ಜೊತೆ ಹೋಲಿಸಿದ ಅಧ್ಯಯನಗಳಲ್ಲಿ ಎರಡನೇ ಭಾಷೆಯಿಂದ ಮಾತು ಹಿಂದೆ ಬಿದ್ದದ್ದು ಕಂಡಿಲ್ಲ. ಅಜ್ಜಿಗೆ ಬಾರದ ಭಾಷೆಯನ್ನೇ ಮನೆಭಾಷೆ ಮಾಡಿದರೆ ಮಗು ಅಜ್ಜಿಯ ಜೊತೆ ಮಾತಾಡುವುದು ಹೇಗೆ, ಅಲ್ವಾ?

ಗೆಳತಿ ಆಮೇಲೆ ಬಂದವರಿಗೆಲ್ಲ "ಹೋಗ್ತೀನಿ ಅಂತ ಹೇಳಿ" ಅಂದಳು. ದೊಡ್ಡಮ್ಮ ಸುತಾರಾಂ ಒಪ್ಪಲಿಲ್ಲ. ಹೊಸಿಲ ಮೇಲೆ ನಿಂತು ಹೋಗ್ತೀನಿ ಅನ್ನುವುದುಂಟೇ? ಎರಡು ದಿನ ಯೋಚಿಸಿ ಅವರೇ ದಾರಿ ಹುಡುಕಿದರು. ಮುಂದಿನ ಸಲ ಹೊರಡುವಾಗ, "ಈಗ ಹೋಗಿ, ದೀಪಾವಳಿಗೆ ಬರ್ತೀನಿ ಪುಟ್ಟಾ" ಅಂದರು. ಹುಡುಗ ಗೇಟಿಗೆ ಹೋಗಲಿಲ್ಲ. ಒಳಗೆ ಹೋಗಿ ಕ್ಯಾಲೆಂಡರಿನಲ್ಲಿ ದೀಪಾವಳಿ ಹುಡುಕಿ ಸುತ್ತು ಹಾಕಿದ. ಆ ದಿನ ದೊಡ್ಡಮ್ಮನಿಗೆ ಮಂಡಿ ನೋವು. ಆಟೋ ಮಾಡಿಕೊಂಡು ಬಂದರು.