ಮುದ್ದೆ ತೊಳಸುವಾಗ ವಾಲಿದ ಒಲೆ

ಹೊಗೆ ಕಡಿಮೆ ಬರುವ ಸೌದೆ ಒಲೆ ಮಾಡುವುದು ನನ್ನ ಕೆಲಸ. ನಮ್ಮ ಮೊದಲ ಒಲೆ ತಗಡಿನದು. ಹಗುರ, ಬೆಲೆಯೂ ಕಮ್ಮಿ. ತುಮಕೂರು ಕಡೆಯ ಒಂದು ಹಳ್ಳಿಯಲ್ಲಿ ಒಬ್ಬ ಅಕ್ಕನಿಗೆ ಕೊಟ್ಟು, ಇದರಲ್ಲಿ ಮುದ್ದೆ ಮಾಡಿ ನೋಡಕ್ಕ ಅಂದೆವು. ಎಸರು ಬೇಗ ಕುದಿಯಿತು. ಹಿಟ್ಟು ಬಿತ್ತು, ಬೆಂತು. ಆಮೇಲೆ ಅವರು ಪಾತ್ರೆಯನ್ನು ಕವೆಗೋಲಿನಿಂದ ಒತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮುದ್ದೆ ಕೋಲು ಹಿಡಿದು, ಮೈಯ ಬಲವನ್ನೆಲ್ಲ ಹಾಕಿ ತೊಳಸೋಕೆ ಶುರು ಮಾಡಿದರು ನೋಡಿ, ಒಲೆ ಅಲುಗಾಡಿ ಪಾತ್ರೆ ವಾಲಿಯೇ ಬಿಟ್ಟಿತು. ಅಕ್ಕ ಏನೂ ಅನ್ನಲಿಲ್ಲ. ಪಾತ್ರೆಯನ್ನು ಹಳೇ ಮಣ್ಣಿನ ಒಲೆ ಮೇಲಿಟ್ಟು ಕೆಲಸ ಮುಗಿಸಿದರು.

ನಾವು ಆ ಒಲೆಯನ್ನು ಪರೀಕ್ಷೆ ಮಾಡಿದ್ದು ಬರೀ ನೀರು ಕುದಿಸಿ. ತಪ್ಪಾಗಿದ್ದು ಅಲ್ಲೇ.

ಹಳ್ಳಿಯಲ್ಲೇ ಇದ್ದು ಒಲೆ ಮಾಡಿದವರೂ ಇದ್ದಾರೆ. ಹಳ್ಳಿಗಳಿಗೆ ವಿಜ್ಞಾನ, ತಂತ್ರಜ್ಞಾನ ತಲುಪಿಸೋಕೆ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿಜ್ಞಾನಿ ಅಮೂಲ್ಯ ರೆಡ್ಡಿಯವರು ಶುರು ಮಾಡಿದ 'ಅಸ್ತ್ರ' ತಂಡ ಕುಣಿಗಲ್ ತಾಲ್ಲೂಕಿನ ಉಂಗ್ರ ಹಳ್ಳಿಯಲ್ಲೇ ಕೇಂದ್ರ ಮಾಡಿಕೊಂಡು ಕೆಲಸ ಮಾಡಿತ್ತು. ಅವರ ಅಸ್ತ್ರ ಒಲೆಯಲ್ಲಿ ಮೂರು ಪಾತ್ರೆ ಇಡಬಹುದು, ಹೊಗೆ ಕೊಳವೆಯಲ್ಲಿ ಹೊರಗೆ ಹೋಗುತ್ತದೆ. ಅಡುಗೆಮನೆಯಲ್ಲೇ ಕಟ್ಟಿದ ಒಲೆ, ಎಷ್ಟು ತೊಳಸಿದರೂ ಅಲುಗಾಡುವುದಿಲ್ಲ. ಕೊಳವೆಯ ಮಸಿ ಮಾತ್ರ ಆಗಾಗ ತೆಗೆಯಬೇಕು.

ಇನ್ನು ಬೆಲೆ. ತಗಡು ತೆಳು ಮಾಡಿ ನೂರಿನ್ನೂರು ಇಳಿಸಿದರೆ ಬಡವರಿಗೆ ಸುಲಭ ಅಂತ ನಾವು ಸುಮ್ನೆ ಅಂದುಕೊಂಡುಬಿಡುತ್ತೇವೆ. ಆದರೆ ಕೂಲಿ ಮನೆಯಲ್ಲಿ ಬೆಲೆ ಎಷ್ಟು ಅನ್ನುವುದಕ್ಕಿಂತ ದುಡ್ಡು ಯಾವತ್ತು ಕೈಗೆ ಬರುತ್ತೆ ಅನ್ನುವುದೇ ದೊಡ್ಡದು, ಅಲ್ವಾ? 2016ರಲ್ಲಿ ಉಜ್ವಲ ಯೋಜನೆ ಬಂದು ಎಷ್ಟೋ ಮನೆಗೆ ಗ್ಯಾಸ್ ಸಿಕ್ಕಿತು, ಒಳ್ಳೇದೇ ಆಯಿತು. ಆದರೆ 14.2 ಕಿಲೋ ಸಿಲಿಂಡರ್ ಖಾಲಿಯಾದ ದಿನ ಪೂರ್ತಿ ದುಡ್ಡು ಒಟ್ಟಿಗೇ ಬೇಕು. ಅವತ್ತು ಕೈಯಲ್ಲಿ ಇಲ್ಲದಿದ್ದರೆ ಮತ್ತೆ ಸೌದೆಯೇ ಗತಿ.

ಈಗ ನಮ್ಮ ಒಲೆಗೆ ಭಾರದ ಬುಡ ಇದೆ, ಬೆಲೆ ಮೊದಲಿಗಿಂತ ಜಾಸ್ತಿ. ಕಂತನ್ನು ಡೇರಿ ಬಟವಾಡೆ ದಿನಕ್ಕೋ, ಸಂಘದ ವಾರದ ಸಭೆಗೋ ಹೊಂದಿಸುತ್ತೇವೆ. ಮೊದಲು ಸವೆಯುವುದು ಕೆಂಡ ನಿಲ್ಲುವ ಜಾಲರಿ. ಅದನ್ನು ಹತ್ತಿರದ ಪೇಟೆಯ ಯಾವ ವೆಲ್ಡಿಂಗ್ ಅಂಗಡಿಯಲ್ಲಾದರೂ ಮಾಡಿಸಿಕೊಳ್ಳುವ ಹಾಗೆ ಸಾದಾ ಕಂಬಿಯದ್ದೇ ಇಟ್ಟಿದ್ದೇವೆ.