26 ಇನ್ನಿಂಗ್ಸ್ ಆಡಿದರೂ 1–1

1920ರ ಮೇ 1. ಅಮೆರಿಕದ ಬಾಸ್ಟನ್ ನಗರದ ಬ್ರೇವ್ಸ್ ಫೀಲ್ಡ್ ಬೇಸ್‌ಬಾಲ್ ಮೈದಾನ. ಬ್ರೂಕ್ಲಿನ್ ರಾಬಿನ್ಸ್ ಮತ್ತು ಬಾಸ್ಟನ್ ಬ್ರೇವ್ಸ್ ತಂಡಗಳು 26 ಇನ್ನಿಂಗ್ಸ್ ಆಡಿದರೂ ಗೆದ್ದವರಿಲ್ಲ. ಬೇಸ್‌ಬಾಲ್ ಪಂದ್ಯ ಸಾಮಾನ್ಯವಾಗಿ 9 ಇನ್ನಿಂಗ್ಸ್‌ಗೆ ಮುಗಿಯುತ್ತದೆ. ಸಮಬಲವಾದರೆ ಮಾತ್ರ ಮುಂದುವರಿಯುತ್ತದೆ. ಬ್ರೂಕ್ಲಿನ್ 5ನೇ ಇನ್ನಿಂಗ್ಸ್‌ನಲ್ಲಿ ಒಂದು ರನ್ ಗಳಿಸಿತು, ಬಾಸ್ಟನ್ 6ನೆಯದರಲ್ಲಿ. ಆಮೇಲಿನ 20 ಇನ್ನಿಂಗ್ಸ್‌ನಲ್ಲಿ ಯಾರಿಗೂ ರನ್ ದಕ್ಕಲಿಲ್ಲ. ಬ್ರೂಕ್ಲಿನ್ನಿನ ಲಿಯಾನ್ ಕ್ಯಾಡೋರ್, ಬಾಸ್ಟನ್ನಿನ ಜೋ ಓಶ್ಗರ್ ಇಬ್ಬರೇ ಪಿಚರ್‌ಗಳು ಮೊದಲಿನಿಂದ ಕೊನೆಯವರೆಗೆ ಎಸೆದರು.

ಈ ಪಂದ್ಯದ ಮಾತು ಬಂದಾಗಲೆಲ್ಲ ಹೊಗಳಿಕೆಯೆಲ್ಲ ಅವರ ತೋಳಿಗೇ ಸಲ್ಲುತ್ತದೆ. ಅದರಲ್ಲಿ ಒಂದು ಪಾಲು ಚೆಂಡಿಗೂ ಬೆಳಕಿಗೂ ಹೋಗಬೇಕು.

ಬೇಸ್‌ಬಾಲ್ ಚೆಂಡಿನ ನಡುವೆ ಕಾರ್ಕ್ ಮತ್ತು ರಬ್ಬರ್, ಸುತ್ತ ಬಿಗಿಯಾಗಿ ಸುತ್ತಿದ ಉಣ್ಣೆ ನೂಲು, ಹೊರಗೆ ಹೊಲಿದ ಚರ್ಮ. ತೂಕ 142ರಿಂದ 149 ಗ್ರಾಂ. ಒಣಗಿದ ಹೊಸ ಚೆಂಡನ್ನು ಗಟ್ಟಿ ಗೋಡೆಗೆ ಎಸೆದರೂ ಅದು ಬಂದ ವೇಗದ ಅರ್ಧಕ್ಕಿಂತ ತುಸು ಹೆಚ್ಚು ವೇಗದಲ್ಲಷ್ಟೇ ಪುಟಿಯುತ್ತದೆ. ಉಳಿದ ಶಕ್ತಿ ನೂಲಿನ ತಿಕ್ಕಾಟದಲ್ಲಿ ಶಾಖವಾಗುತ್ತದೆ. ಅಂದು ಥಂಡಿ, ಮೋಡ, ತುಂತುರು. ತೇವ ಹೀರಿದ ಚೆಂಡು ಭಾರವೂ ಮೆತ್ತಗೂ ಆಗುತ್ತದೆ, ಬ್ಯಾಟಿಗೆ ತಾಗುವ ಸುಮಾರು 1 ಮಿಲಿಸೆಕೆಂಡಿನಲ್ಲಿ ಇನ್ನಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸಾಲದ್ದಕ್ಕೆ ಆ ಕಾಲದಲ್ಲಿ ಒಂದೇ ಚೆಂಡನ್ನು ಕೊಳೆಯಾಗಿ ಕಪ್ಪಾಗುವವರೆಗೂ ಆಡಿಸುತ್ತಿದ್ದರು. ಮೈದಾನವೂ ವಿಶಾಲ: ಎಡಗಡೆಯ ಬೇಲಿ 402 ಅಡಿ, ಅಂದರೆ 122 ಮೀಟರ್ ದೂರ. ಅಲ್ಲಿ ಚೆಂಡನ್ನು ಬೇಲಿಯಾಚೆ ಹೊಡೆಯುವ ಹೋಮ್ ರನ್ ಕನಸಿನ ಮಾತು.

ಇನ್ನು ಬೆಳಕು. ಪಿಚರ್ ನಿಲ್ಲುವ ಜಾಗದಿಂದ ಹೋಮ್ ಪ್ಲೇಟ್‌ಗೆ (ಬ್ಯಾಟರ್ ನಿಲ್ಲುವ, ಮೂರು ಬೇಸ್ ಸುತ್ತಿ ಬಂದು ಮುಟ್ಟಿದರೆ ರನ್ ಸಿಗುವ ಜಾಗ) 18.44 ಮೀಟರ್. ಗಂಟೆಗೆ 130 ಕಿ.ಮೀ. ವೇಗದ ಎಸೆತ ಹೆಚ್ಚುಕಡಿಮೆ ಅರ್ಧ ಸೆಕೆಂಡಿನಲ್ಲಿ ಬಂದುಬಿಡುತ್ತದೆ. ಬೆಳಕು ಕುಗ್ಗಿದಂತೆ ಅಕ್ಷಿಪಟಲ ಮಿದುಳಿಗೆ ಸಂಕೇತ ಕಳಿಸುವುದು ತಡವಾಗುತ್ತದೆ. ಬರೀ 10 ಮಿಲಿಸೆಕೆಂಡ್ ತಡವಾದರೂ ಅಷ್ಟರಲ್ಲಿ ಚೆಂಡು 36 ಸೆಂಟಿಮೀಟರ್ ಮುಂದೆ ಬಂದಿರುತ್ತದೆ. ಅದೂ ಕಪ್ಪಗಿನ ಚೆಂಡು. ಬಾಸ್ಟನ್ನಿನ ಚಾರ್ಲಿ ಪಿಕ್ 11 ಸಲ ಬ್ಯಾಟ್ ಬೀಸಲು ಬಂದು ಒಂದು ಹಿಟ್ (ಬೇಸ್ ತಲುಪಿಸುವ ಹೊಡೆತ) ಕೂಡ ಇಲ್ಲದೆ ಹೋದದ್ದರಲ್ಲಿ ಅಚ್ಚರಿಯಿಲ್ಲ.

ಹಾಗಂತ ಅವಕಾಶಗಳೇ ಬರಲಿಲ್ಲ ಎಂದಲ್ಲ. 17ನೇ ಇನ್ನಿಂಗ್ಸ್‌ನಲ್ಲಿ ಬ್ರೂಕ್ಲಿನ್‌ಗೆ ಮೂರೂ ಬೇಸ್ ಭರ್ತಿ, ಒಬ್ಬನಷ್ಟೇ ಔಟ್. ಬ್ಯಾಟರ್ ಎಲಿಯಟ್ ಹೊಡೆದ ಚೆಂಡು ನೆಲದ ಮೇಲೆ ಪುಟಿದು ನೇರ ಓಶ್ಗರ್ ಕೈಗೆ. ಆತ ಹೋಮ್ ಪ್ಲೇಟ್ ಕಾಯುವ ಕ್ಯಾಚರ್ ಗೌಡಿಗೆ ಎಸೆದು ಅಲ್ಲಿಗೆ ಓಡಿಬರುತ್ತಿದ್ದವನನ್ನು ಔಟ್ ಮಾಡಿದ. ಗೌಡಿ ಮೊದಲ ಬೇಸಿಗೆ ಎಸೆದದ್ದನ್ನು ಹಿಡಿಯಲು ಅಲ್ಲಿದ್ದ ಬಾಸ್ಟನ್ನಿನ ಹೋಲ್ಕ್ ತಡವರಿಸಿದ್ದೇ ತಡ, ಬೇಸಿನಲ್ಲಿದ್ದ ಬ್ರೂಕ್ಲಿನ್ನಿನ ಕೊನೆಚಿ ಹೋಮ್ ಪ್ಲೇಟ್ ಕಡೆ ಓಡಿದ. ಹೋಲ್ಕ್ ವಾಪಸ್ ಎಸೆದ. ಗೌಡಿ ಅಡ್ಡಬಿದ್ದು ಕೊನೆಚಿಗೆ ಚೆಂಡು ಮುಟ್ಟಿಸಿ ಔಟ್ ಮಾಡಿದ. ಆ ದಿನ ಗೆಲುವಿಗೆ ಅಷ್ಟು ಹತ್ತಿರ ಬಂದದ್ದು ಅಪರೂಪ.

ತೋಳಿನ ಲೆಕ್ಕ ಕೊನೆಗೆ. ಇಬ್ಬರು ಪಿಚರ್‌ಗಳೂ ತಲಾ 90ರಷ್ಟು ಸಲ ಬ್ಯಾಟರ್‌ಗಳನ್ನು ಎದುರಿಸಿದರು. ಪ್ರತಿ ಸಲಕ್ಕೆ ಮೂರು ಚಿಲ್ಲರೆ ಎಸೆತ ಎಂದುಕೊಂಡರೂ ಸುಮಾರು 300. ಇಂದು 100 ದಾಟಿದರೆ ಪಿಚರ್‌ನನ್ನು ಹೊರಗೆ ಕರೆಯುತ್ತಾರೆ. ಸ್ನಾಯು ದಣಿದಾಗ ಮೊಣಕೈಯ ಒಳಬದಿಯ ಅಸ್ಥಿರಜ್ಜು ಹೆಚ್ಚು ಎಳೆತ ಹೊರಬೇಕಾಗುತ್ತದೆ, ಹರಿಯುವುದೂ ಉಂಟು. ಹೋಮ್ ರನ್ ಭಯವಿಲ್ಲದ ಆ ಕಾಲದ ಪಿಚರ್‌ಗಳು ಪ್ರತಿ ಎಸೆತಕ್ಕೂ ಪೂರ್ತಿ ಬಲ ಹಾಕುತ್ತಿರಲಿಲ್ಲ; ಬೇಸಿನಲ್ಲಿ ಆಟಗಾರರಿದ್ದಾಗಷ್ಟೇ ಬಿಗಿ ಮಾಡುತ್ತಿದ್ದರು. ಓಶ್ಗರ್ ಮರುವರ್ಷ 20 ಪಂದ್ಯ ಗೆದ್ದ.

3 ಗಂಟೆ 50 ನಿಮಿಷದ ಬಳಿಕ ಕತ್ತಲಾಯಿತೆಂದು ಅಂಪೈರ್ ಆಟ ನಿಲ್ಲಿಸಿದರು. ಬ್ರೂಕ್ಲಿನ್ ಮರುದಿನ ಫಿಲಡೆಲ್ಫಿಯಾ ವಿರುದ್ಧ 13 ಇನ್ನಿಂಗ್ಸ್, ಮೇ 3ರಂದು ಮತ್ತೆ ಬಾಸ್ಟನ್ ವಿರುದ್ಧ 19 ಇನ್ನಿಂಗ್ಸ್ ಆಡಿ ಎರಡನ್ನೂ ಸೋತಿತು. ಮೂರು ದಿನಕ್ಕೆ 58 ಇನ್ನಿಂಗ್ಸ್, ಗೆಲುವು ಸೊನ್ನೆ.